ರೋಟರಿ ಮಾದರಿ: ಎರಡನೇ ಬದಿ ಅಚ್ಚಾಗುವಾಗ ಮೊದಲ ಬದಿಯ ಹಸಿ ಮಸಿ ಮೆತ್ತುತ್ತಿದೆ, ಏನು ಮಾಡಲಿ?

ರೀಲು_ರಾಟೆ (ಹುಬ್ಬಳ್ಳಿ)

ಎಲ್ಲರಿಗೂ ನಮಸ್ಕಾರ. ಲಂಡನ್ನಿನ ಟೈಮ್ಸ್ ಪತ್ರಿಕೆಯವರು 1860ರ ದಶಕದ ಕೊನೆಯಲ್ಲಿ ಓಡಿಸಲು ಶುರು ಮಾಡಿದ ವಾಲ್ಟರ್ ಪ್ರೆಸ್ಸಿನ (ಸಿಲಿಂಡರ್ ತಿರುಗಿ ಅಚ್ಚು ಹಾಕುವ ರೋಟರಿ ಯಂತ್ರ) ಚಿತ್ರ ನೋಡಿಕೊಂಡು ಒಂದು ಸಣ್ಣ ಮಾದರಿ ಕಟ್ಟಿದ್ದೇನೆ. ಷೋಕೇಸಿಗಲ್ಲ, ನಿಜವಾಗಿ ಅಚ್ಚು ಹಾಕುತ್ತದೆ. ಒಂದರ ಮೇಲೊಂದು ನಾಲ್ಕು ಸಿಲಿಂಡರ್. ಮೇಲಿನದು, ಕೆಳಗಿನದು ಅಕ್ಷರದ ಪ್ಲೇಟಿಗೆ. ನಡುವಿನ ಎರಡು ಇಂಪ್ರೆಷನ್ ಸಿಲಿಂಡರ್, ಅಂದರೆ ಕಾಗದವನ್ನು ಪ್ಲೇಟಿಗೆ ಒತ್ತುವವು. ರೀಲಿನ ಕಾಗದ ಎಸ್ ಆಕಾರದಲ್ಲಿ ಸುತ್ತಿಕೊಂಡು ಬರುತ್ತದೆ, ಎರಡೂ ಬದಿ ಒಂದೇ ಓಟದಲ್ಲಿ ಅಚ್ಚಾಗುತ್ತದೆ.

ಪ್ಲೇಟು ಫೋಟೋಪಾಲಿಮರ್ (ಬೆಳಕಿಗೆ ಗಟ್ಟಿಯಾಗುವ ಪ್ಲಾಸ್ಟಿಕ್). ಪ್ರತಿ ಸಿಲಿಂಡರಿನ ಸುತ್ತಳತೆ 30 ಸೆಂ.ಮೀ. ಮೋಟರ್ ನಿಮಿಷಕ್ಕೆ 60 ಸುತ್ತು. ಕಾಗದ 80 ಜಿಎಸ್‌ಎಂ ಮ್ಯಾಪ್‌ಲಿಥೋ. ಮಸಿ ಅಂಗಡಿಯಲ್ಲಿ ಸಿಗುವ ಸಾಮಾನ್ಯ ಆಫ್‌ಸೆಟ್ ಕಪ್ಪು.

ಸಮಸ್ಯೆ ಇದು. ಮೊದಲ ಬದಿ ಒಂದನೇ ಸಿಲಿಂಡರಿನಿಂದ ಚೆನ್ನಾಗಿಯೇ ಬರುತ್ತದೆ. ಎರಡನೇ ಇಂಪ್ರೆಷನ್ ಸಿಲಿಂಡರ್ ದಾಟಿ ಹೊರಗೆ ಬರುವಷ್ಟರಲ್ಲಿ ಅಕ್ಷರದ ಸುತ್ತ ಮಸುಕು, ಪಕ್ಕದಲ್ಲಿ ನೆರಳಿನ ಹಾಗೆ ಇನ್ನೊಂದು ಅಚ್ಚು. ಸ್ವಲ್ಪ ಹೊತ್ತು ಓಡಿಸಿದರೆ ಆ ಸಿಲಿಂಡರಿನ ಪ್ಯಾಕಿಂಗ್ (ಮೈಗೆ ಸುತ್ತಿದ ಮೆತ್ತೆ) ಪೂರ್ತಿ ಕಪ್ಪು. ಮಸಿ ಬೇಗ ಒಣಗಿಸೋದು ಹೇಗೆ?

ಅಚ್ಚುಮೆಚ್ಚು (ಬೆಂಗಳೂರು)

ಮೊದಲು ವಿಡಿಯೊ ಹಾಕಿ ಸರ್, ನೋಡಬೇಕು! ನಾನು ಟ್ರೆಡಲ್ಲಿನಲ್ಲಿ (ಕಾಲಲ್ಲಿ ತುಳಿದು ಓಡಿಸುವ ಸಣ್ಣ ಅಚ್ಚಿನ ಯಂತ್ರ) ಮದುವೆ ಕಾರ್ಡು ಮಾಡುತ್ತೇನೆ. ದಪ್ಪ ಕಾರ್ಡಿಗೆ ಮಸಿಯಲ್ಲಿ ಒಂದೆರಡು ಹನಿ ಕೋಬಾಲ್ಟ್ ಡ್ರೈಯರ್ ಬೆರೆಸಿದರೆ ಮಾರನೇ ದಿನಕ್ಕೆ ಗಟ್ಟಿಯಾಗಿರುತ್ತದೆ. ಅದನ್ನು ನೋಡಬಹುದೇನೋ.

ಬಿಳಿಹಾಳೆ

ಎರಡು ಸಿಲಿಂಡರಿನ ನಡುವೆ ಹೇರ್ ಡ್ರೈಯರ್ ಇಡಿ. ಇಲ್ಲದಿದ್ದರೆ ಟಾಲ್ಕಂ ಪೌಡರ್ ಉದುರಿಸಿ. ಆಫ್‌ಸೆಟ್ ಪ್ರೆಸ್ಸಿನಲ್ಲಿ ಪೌಡರ್ ಸ್ಪ್ರೇ ಇರುತ್ತದಲ್ವಾ, ಅದೇ ಐಡಿಯಾ.

ಹಳೇಮಷಿನ್ (ಗದಗ)

ತಮ್ಮಾ, ಒಣಗಿಸೋ ಯೋಚನೆ ಮೊದಲು ಬಿಡು. ಲೆಕ್ಕ ಹಾಕಿ ನೋಡು. ನಿಮಿಷಕ್ಕೆ 60 ಸುತ್ತು, ಸುತ್ತಿಗೆ 30 ಸೆಂ.ಮೀ. ಅಂದರೆ ಸೆಕೆಂಡಿಗೆ 30 ಸೆಂ.ಮೀ. ಕಾಗದ. ನಿನ್ನ ಜೋಡಣೆಯಲ್ಲಿ ಮೊದಲ ಬದಿ ಅಚ್ಚಾಗಿ ಅರ್ಧ ಸುತ್ತಿಗೇ ಹಸಿ ಮುಖ ಎರಡನೇ ಇಂಪ್ರೆಷನ್ ಸಿಲಿಂಡರಿಗೆ ತಾಗುತ್ತದೆ. ಅರ್ಧ ಸೆಕೆಂಡು. ಅಷ್ಟರಲ್ಲಿ ಯಾವ ಮಸಿಯೂ ಒಣಗುವುದಿಲ್ಲ. ಕೋಬಾಲ್ಟ್ ಕೆಲಸ ಮಾಡುವುದು ಗಂಟೆಗಟ್ಟಲೆ ಗಾಳಿಯಲ್ಲಿಟ್ಟಾಗ. ಮೇಡಂ ಅವರ ಕಾರ್ಡಿಗೆ ಅದು ಸರಿ, ಇಲ್ಲಿ ನಡೆಯಲ್ಲ.

ಹೇರ್ ಡ್ರೈಯರಿಂದಲೂ ಉಪಯೋಗವಿಲ್ಲ. ಬಿಸಿಗೆ ಹಾರಿಹೋಗುವ ದ್ರಾವಕ ಇರುವ ಮಸಿ, ಅದಕ್ಕೆ ಬೇಕಾದ ಒಲೆ, ಇವೆಲ್ಲ 1930ರ ದಶಕದ ಸರಕು. ಸ್ಪ್ರೇ ಕೂಡ ಹೆಚ್ಚು ಕಡಿಮೆ ಅದೇ ಕಾಲದ್ದು. ಅದು ಇರುವುದು ಅಚ್ಚಾದ ಹಾಳೆ ಒಂದರ ಮೇಲೊಂದು ಬೀಳುವ ಕಡೆ. ಸಿಲಿಂಡರಿನ ನಡುವೆ ಪೌಡರ್ ಹಾಕಿದರೆ ಅದು ನೇರ ಎರಡನೇ ಪ್ಲೇಟಿಗೆ ಹೋಗುತ್ತದೆ, ಅಲ್ಲಿಂದ ರೋಲರಿಗೆ. ಆಮೇಲೆ ತೊಳೆಯುತ್ತಾ ಕೂರಬೇಕು.

ಹಳೇ ರೋಟರಿ ಕಟ್ಟಿದವರ ಮಸಿಯೂ ಹಸಿಯಾಗಿಯೇ ಎರಡನೇ ಸಿಲಿಂಡರಿಗೆ ಹೋಗುತ್ತಿತ್ತು. ಅವರ ತಲೆನೋವು ಒಂದೇ: ಹಸಿ ಮುಖ ಯಾವುದಕ್ಕೆ ತಾಗುತ್ತದೆ, ಎಷ್ಟು ಜೋರಾಗಿ ತಾಗುತ್ತದೆ. ನೀನೂ ಅದನ್ನೇ ಹಿಡಿದುಕೋ.

ಈಗ ಮೂರು ವಿಷಯ ಹೇಳು. ನೆರಳು ಅಚ್ಚು ಓದಲು ಬರುತ್ತದೋ, ಕನ್ನಡಿಯಲ್ಲಿ ಕಂಡ ಹಾಗೆ ತಿರುಗಾ ಇದೆಯೋ? ಠ, ಂ ತರಹದ ಅಕ್ಷರ ನೋಡಿದರೆ ಗೊತ್ತಾಗಲ್ಲ, ಕೊಂಬು ಬಲಕ್ಕಿದೆಯೋ ಎಡಕ್ಕಿದೆಯೋ ನೋಡು. ಎರಡನೆಯದು, ಆ ನೆರಳು ಪ್ರತಿ ಅಚ್ಚಿನಲ್ಲೂ ಒಂದೇ ಜಾಗದಲ್ಲಿದೆಯೋ, ಅಲೆಯುತ್ತದೋ? ಮೂರನೆಯದು, ಅಕ್ಷರಕ್ಕೆ ಬಾಲ ಇದೆಯೋ?

ರೀಲು_ರಾಟೆ

ಕಾಕಾ, ಭೂತಗನ್ನಡಿ ಹಿಡಿದು ನೋಡಿದೆ. ನೆರಳು ಓದಲು ಬರುತ್ತದೆ, ಕೊಂಬು ಬಲಕ್ಕೇ ಇದೆ. ಜಾಗ ಅಲೆಯುತ್ತದೆ, ಒಮ್ಮೆ ಅಕ್ಷರದ ಮೇಲೆ, ಒಮ್ಮೆ ಒಂದು ಮಿ.ಮೀ. ಆಚೆ. ಬಾಲವೂ ಇದೆ, ಆದರೆ ಅದು ಎರಡನೇ ಬದಿಯ ಅಕ್ಷರಗಳಿಗೆ ಜಾಸ್ತಿ.

ಹಳೇಮಷಿನ್ (ಗದಗ)

ಹಾಗಾದರೆ ಒಂದಲ್ಲ, ಮೂರು ರೋಗ ಒಟ್ಟಿಗೆ ಬಂದಿವೆ.

ನೆರಳು ನೇರವಾಗಿ ಓದಲು ಬಂದರೆ ಮಸಿ ಎರಡು ಸಲ ದಾಟಿದೆ ಅಂತ. ಕಾಗದದಿಂದ ಸಿಲಿಂಡರಿಗೆ ಹೋದಾಗ ತಿರುಗಾ ಆಯಿತು, ಸಿಲಿಂಡರಿನಿಂದ ಮುಂದಿನ ಕಾಗದಕ್ಕೆ ಬಂದಾಗ ಮತ್ತೆ ನೆಟ್ಟಗಾಯಿತು. ಇದೇ ಸೆಟ್ ಆಫ್. ತಿರುಗಾ ಇದ್ದಿದ್ದರೆ ಹೊರಗೆ ಬಿದ್ದ ಹಾಳೆಗಳೇ ಒಂದಕ್ಕೊಂದು ಮೆತ್ತಿಕೊಂಡಿವೆ ಅನ್ನಬಹುದಿತ್ತು. ಆಗ ಸಿಲಿಂಡರನ್ನು ಮುಟ್ಟುವ ಅಗತ್ಯವೇ ಇರುತ್ತಿರಲಿಲ್ಲ.

ನೆರಳು ಅಲೆಯುವುದು ರೀಲಿನ ಬ್ರೇಕಿನ ಕಥೆ. ಕಾಗದದ ಎಳೆತ ಒಂದೇ ಸಮ ಇದ್ದರೆ ಪ್ರತಿ ಸುತ್ತಿನಲ್ಲೂ ಅದೇ ಅಕ್ಷರ ಸಿಲಿಂಡರಿನ ಅದೇ ಜಾಗಕ್ಕೆ ಬಂದು ಕೂರುತ್ತದೆ. ಆಗ ವಾಪಸ್ ಬರುವ ಮಸಿ ಅಕ್ಷರದ ಮೇಲೇ ಬೀಳುತ್ತದೆ, ಕಣ್ಣಿಗೆ ಕಾಣಿಸುವುದೇ ಇಲ್ಲ. ಎಳೆತ ಹೆಚ್ಚು ಕಡಿಮೆಯಾದರೆ ಆಚೆ ಈಚೆ ಬೀಳುತ್ತದೆ. ಹಾಗಾಗಿ ಬ್ರೇಕು ಮೊದಲು ಸರಿ ಮಾಡು. ಜಾಸ್ತಿ ಬಿಗಿ ಬೇಡ, ಒಂದೇ ಸಮ ಇರಲಿ. ರೀಲಿನ ಅಂಚಿಗೆ ಚರ್ಮದ ಪಟ್ಟಿ ಹಾಕಿ ತೂಕ ಕಟ್ಟಿದರೂ ಸಾಕು. ಸ್ಪ್ರಿಂಗ್ ಒತ್ತುವ ಬ್ರೇಕು ಸಣ್ಣ ಯಂತ್ರದಲ್ಲಿ ಹಿಡಿದು ಬಿಟ್ಟು ಮಾಡುತ್ತದೆ.

ಬಾಲ ಬರುವುದು ಪ್ಯಾಕಿಂಗಿನಿಂದ. ಎರಡನೇ ಸಿಲಿಂಡರಿಗೆ ಎಷ್ಟು ಸುತ್ತಿದ್ದೀಯ? 0.3 ಮಿ.ಮೀ. ಜಾಸ್ತಿ ಆದರೆ ಸುತ್ತಳತೆ ಸುಮಾರು 1.9 ಮಿ.ಮೀ. ಬೆಳೆಯುತ್ತದೆ. ಎರಡೂ ಒಂದೇ ಗೇರಿನಲ್ಲಿ ತಿರುಗುತ್ತವಲ್ಲ, ಆದರೆ ಮೈಯ ವೇಗ ಬೇರೆ. ಕಾಗದ ಜಾರಲೇಬೇಕು. ಜಾರಿದಾಗ ಹಸಿ ಮಸಿ ಉಜ್ಜಿಕೊಳ್ಳುತ್ತದೆ.

ರೀಲು_ರಾಟೆ

ಪ್ಯಾಕಿಂಗ್ ಒಂದು ರಬ್ಬರ್ ಶೀಟು, ಮೇಲೆ ಎರಡು ಆರ್ಟ್ ಪೇಪರ್. ಎರಡನೇ ಬದಿ ತೆಳ್ಳಗೆ ಬೀಳುತ್ತಿತ್ತು ಅಂತ ಮೇಲೆ ಇನ್ನೊಂದು ಕಾರ್ಡ್ ಸೇರಿಸಿದ್ದೆ.

ಹಳೇಮಷಿನ್ (ಗದಗ)

ಆ ಕಾರ್ಡ್ ತೆಗಿ. ತೆಳ್ಳಗೆ ಬಿದ್ದರೆ ಪ್ಲೇಟಿನ ಕೆಳಗೆ ಕಾಗದ ಕೊಡು, ಅದೂ ಬೇಕಾದ ಕಡೆ ಮಾತ್ರ. ಮೇಕ್ ರೆಡಿ (ಅಚ್ಚಿಗೆ ಮುಂಚೆ ಒತ್ತಡ ಹದ ಮಾಡುವ ಕೆಲಸ) ಅನ್ನುವುದು ಅದಕ್ಕೇ ಇರುವುದು. ಮತ್ತೆ ಎರಡನೇ ಬದಿಯ ಒತ್ತಡ ಎಷ್ಟು ಕಡಿಮೆ ಇದ್ದರೆ ಅಷ್ಟು ಒಳ್ಳೆಯದು. ಅಲ್ಲಿ ಕೊಡುವ ಪ್ರತಿ ಒತ್ತು ಹಿಂದಿನ ಹಸಿ ಮುಖವನ್ನೂ ಪ್ಯಾಕಿಂಗಿಗೆ ಒತ್ತುತ್ತದೆ.

ಮಸಿಯನ್ನೂ ಇಳಿಸು. ರೋಲರ್ ತಿರುಗುವಾಗ ಕಿವಿ ಕೊಟ್ಟು ಕೇಳು. ಸಣ್ಣ ಸಿರ್ರ್ ಸದ್ದು ಇದ್ದರೆ ಸರಿ. ಅಂಟಂಟಾಗಿ ಪಟಪಟ ಸದ್ದು ಬಂದರೆ ಮಸಿ ಜಾಸ್ತಿ. ಅಕ್ಷರದ ಅಂಚಿನಲ್ಲಿ ಕಪ್ಪು ಉಂಗುರದ ಹಾಗೆ ಮಸಿ ಹೊರಗೆ ಒತ್ತರಿಸಿದ್ದರೂ ಅದೇ ಅರ್ಥ.

ಮಿಡ್‌ಲ್ಯಾಂಡ್ಸ್_ಕನ್ನಡಿಗ (ಇಂಗ್ಲೆಂಡ್)

ಒಳ್ಳೆ ಚರ್ಚೆ. ಇತಿಹಾಸದ ಕಡೆಯಿಂದ ಸ್ವಲ್ಪ ಸೇರಿಸುತ್ತೇನೆ, ಏಕೆಂದರೆ ಹಳಬರು ಬಳಸಿದ ಉಪಾಯಗಳಲ್ಲಿ ಎರಡು ಮೂರು ನಿಮ್ಮ ಮಾದರಿಗೆ ನೇರ ಹೊಂದುತ್ತವೆ.

ಅಮೆರಿಕದ ರಿಚರ್ಡ್ ಹೋ ಮಾಡಿದ ಮೊದಲ ರೋಟರಿಗೆ 1847ರಲ್ಲಿ ಪೇಟೆಂಟ್ ಸಿಕ್ಕಿತು. ಫಿಲಡೆಲ್ಫಿಯಾದ ಪಬ್ಲಿಕ್ ಲೆಡ್ಜರ್ ಪತ್ರಿಕೆ ಅದನ್ನು ಮೊದಲು ಓಡಿಸಿತು. ಅದರಲ್ಲಿ ಈ ತೊಂದರೆ ಇರಲಿಲ್ಲ. ಬಿಡಿ ಹಾಳೆ ಕೊಡುತ್ತಿದ್ದರು, ಒಂದು ಸಲಕ್ಕೆ ಒಂದೇ ಬದಿ. ಇನ್ನೊಂದು ಬದಿಗೆ ಹೋಗುವಷ್ಟರಲ್ಲಿ ಮಸಿ ಕಾಗದಕ್ಕೆ ಇಳಿದಿರುತ್ತಿತ್ತು. ರೀಲು ಬಂದು, ಎರಡೂ ಬದಿ ಒಂದೇ ಓಟದಲ್ಲಿ ಅಂತ ಆದ ಮೇಲೆ ತೊಂದರೆ ಶುರುವಾಯಿತು. ವಿಲಿಯಂ ಬುಲಕ್‌ಗೆ 1863ರಲ್ಲಿ ಪೇಟೆಂಟ್ ಬಂತು, ಅದರ ಬೆನ್ನಿಗೇ ವಾಲ್ಟರ್. ವಾಲ್ಟರ್ ಯಂತ್ರ ಗಂಟೆಗೆ 10,000ಕ್ಕೂ ಹೆಚ್ಚು ಪ್ರತಿ ಹೊರಗೆ ಹಾಕುತ್ತಿತ್ತು. ನಿಮ್ಮ ಅರ್ಧ ಸೆಕೆಂಡು ಅವರಿಗೆ ಸಿಕ್ಕಿದ್ದರೆ ಖುಷಿ ಪಡುತ್ತಿದ್ದರು.

ದಿನಪತ್ರಿಕೆಯವರು ಮಾಡಿದ್ದು ಇಷ್ಟು: ಸಿಲಿಂಡರಿಗೆ ಮೆತ್ತನೆಯ ಫೆಲ್ಟ್ ಬಟ್ಟೆ, ಅದು ಕೊಳೆಯಾದಾಗ ಬದಲಾವಣೆ, ತೆಳು ಮಸಿ, ಕುಡಿಯುವ ಕಾಗದ. ಸ್ವಲ್ಪ ಮಸುಕು ಬಂದರೂ ಓದುಗರು ಸಹಿಸಿಕೊಳ್ಳುತ್ತಿದ್ದರು. ಬೆಳಿಗ್ಗೆ ಓದಿ ಮಧ್ಯಾಹ್ನ ಬಿಸಾಡುವ ಕಾಗದ ತಾನೇ!

ಪುಸ್ತಕ, ಚಿತ್ರಪತ್ರಿಕೆಯವರು ಸಹಿಸುತ್ತಿರಲಿಲ್ಲ. ಬಿಡಿ ಹಾಳೆಯ ಎರಡು ಬದಿ ಯಂತ್ರಗಳಲ್ಲಿ ಎರಡನೇ ಸಿಲಿಂಡರಿಗೆ ಪ್ರತಿ ಹಾಳೆಯ ಜೊತೆ ಒಂದು ಖಾಲಿ ಹಾಳೆ ಕೊಡುತ್ತಿದ್ದರು. ಹಸಿ ಮುಖ ಆ ಖಾಲಿ ಹಾಳೆಗೆ ತಾಗುತ್ತದೆ, ಪ್ಯಾಕಿಂಗಿಗೆ ತಾಗುವುದೇ ಇಲ್ಲ. ರೀಲಿನ ಯಂತ್ರಕ್ಕೆ ಅದನ್ನೇ ರೀಲಾಗಿ ಮಾಡಿದರು. ಎರಡನೇ ಸಿಲಿಂಡರಿನ ಮೈ ಮೇಲೆ ಹಾದು, ಇನ್ನೊಂದು ಕಡೆ ಸುತ್ತಿಕೊಳ್ಳುವ ಬೇರೆ ಕಾಗದ. ಪ್ರತಿ ಅಚ್ಚಿಗೂ ಹೊಸ ಜಾಗ, ಹಿಂದಿನ ಮಸಿ ವಾಪಸ್ ಬರುವ ದಾರಿಯೇ ಇಲ್ಲ. ನನ್ನ ಕೇಳಿದರೆ ಇಡೀ ವಿಷಯದಲ್ಲಿ ಇದಕ್ಕಿಂತ ಜಾಣ ಉಪಾಯ ಇನ್ನೊಂದಿಲ್ಲ. ಹಾಗೇ ಕೆಲವರು ಎರಡನೇ ಸಿಲಿಂಡರನ್ನೇ ದೊಡ್ಡದು ಮಾಡಿದರು. ಸುತ್ತಳತೆ ನಾಲ್ಕು ಪಟ್ಟು ಇದ್ದರೆ ಪ್ಯಾಕಿಂಗಿನ ಒಂದೊಂದು ಜಾಗಕ್ಕೆ ನಾಲ್ಕು ಅಚ್ಚಿಗೆ ಒಮ್ಮೆ ಮಾತ್ರ ಮಸಿ ತಾಗುತ್ತದೆ. ನಿಮ್ಮ ನಾಲ್ಕು ಸಿಲಿಂಡರಿನ ಗೋಪುರದಲ್ಲಿ ಅದು ಆಗದು ಬಿಡಿ.

ರೀಲು_ರಾಟೆ

ಆ ಖಾಲಿ ರೀಲು ಬೇರೆ ಮೋಟರಿನಿಂದ ಓಡಬೇಕಾ? ವೇಗ ಹೊಂದಿಸೋದು ಹೇಗೆ? ಅಡುಗೆಮನೆಯ ಬಟರ್ ಪೇಪರ್ ರೋಲು ಆಗಬಹುದಾ?

ಮಿಡ್‌ಲ್ಯಾಂಡ್ಸ್_ಕನ್ನಡಿಗ (ಇಂಗ್ಲೆಂಡ್)

ಬೇರೆ ಮೋಟರ್ ಬೇಡ. ಅಚ್ಚಿನ ಕಾಗದದ ಜೊತೆಗೇ ಎರಡನೇ ಪ್ಲೇಟಿನ ಒತ್ತಿನಲ್ಲಿ ಸಿಕ್ಕಿಕೊಳ್ಳುತ್ತದಲ್ಲ, ವೇಗ ತಾನೇ ಹೊಂದುತ್ತದೆ. ಬಿಚ್ಚುವ ಕಡೆ ಹಗುರ ಬ್ರೇಕು, ಸುತ್ತುವ ಕಡೆ ಜಾರುವ ಬೆಲ್ಟು. ರಬ್ಬರ್ ಬ್ಯಾಂಡೂ ಆದೀತು. ಆ ಕಾಗದದ ದಪ್ಪವನ್ನು ಪ್ಯಾಕಿಂಗ್ ಲೆಕ್ಕದಲ್ಲಿ ಕಳೆಯಲು ಮರೆಯಬೇಡಿ.

ಬಟರ್ ಪೇಪರ್ ಬೇಡ. ಅದು ಎಣ್ಣೆ ಕುಡಿಯುವುದಿಲ್ಲ, ಮಸಿ ಮೇಲೇ ನಿಂತು ಜಾರುತ್ತದೆ. ಸಾದಾ ನ್ಯೂಸ್‌ಪ್ರಿಂಟ್ ಹಾಕಿ. ಒಂದು ಬದಿ ಮುಗಿದ ಮೇಲೆ ರೀಲು ತಿರುಗಿಸಿ ಇನ್ನೊಂದು ಬದಿ ಬಳಸಬಹುದು.

ಹಳೇಮಷಿನ್ (ಗದಗ)

ಖಾಲಿ ರೀಲು ಕಟ್ಟುವ ಮೊದಲು ಅಗ್ಗದ ದಾರಿ ಒಂದಿದೆ. ಪ್ಯಾಕಿಂಗಿನ ಮೇಲಿನ ಹಾಳೆಗೆ ಗ್ಲಿಸರಿನ್ ಬಟ್ಟೆಯಲ್ಲಿ ತೆಳ್ಳಗೆ ಒರೆಸಿ, ಒಣ ಬಟ್ಟೆಯಲ್ಲಿ ಮತ್ತೆ ಒರೆಸು. ಮಸಿ ಎಣ್ಣೆ, ಗ್ಲಿಸರಿನ್ ನೀರಿನ ಜಾತಿ. ಹಿಡಿಯುವುದು ಕಡಿಮೆ. ಸೀಮೆಎಣ್ಣೆ ಒರೆಸುವವರೂ ಇದ್ದರು. ನಿನ್ನ ಪ್ಯಾಕಿಂಗ್ ರಬ್ಬರು, ಅದಕ್ಕೆ ಸೀಮೆಎಣ್ಣೆ ತಾಗಿದರೆ ಉಬ್ಬುತ್ತದೆ, ಬೇಡ.

ಆಮೇಲೆ ಕಾಗದ ಬದಲಾಯಿಸು. ಮ್ಯಾಪ್‌ಲಿಥೋಗೆ ಮೈ ಮೇಲೆ ಗಂಜಿಯ ಲೇಪ ಇರುತ್ತದೆ, ಮಸಿ ಒಳಗೆ ಇಳಿಯುವುದು ನಿಧಾನ. 45 ಜಿಎಸ್‌ಎಂ ಆಸುಪಾಸಿನ ನ್ಯೂಸ್‌ಪ್ರಿಂಟ್ ತಗೋ. ಮಸಿಯೂ ಪತ್ರಿಕೆ ಮಸಿಯೇ ಆಗಲಿ, ಕೋಲ್ಡ್‌ಸೆಟ್ ಅಂತ ಕೇಳಿದರೆ ಕೊಡುತ್ತಾರೆ. ಕಾಡಿಗೆಗೆ ಖನಿಜ ತೈಲ ಸೇರಿಸಿದ್ದು ಅಷ್ಟೇ. ಅದು ಒಣಗುವುದಲ್ಲ, ಕಾಗದ ಅದನ್ನು ಹೀರುವುದು. ಪೇಪರ್ ಓದಿ ಬೆರಳು ಕಪ್ಪಾಗುವುದು ಅದಕ್ಕೇ. ನಿನ್ನ ರೋಲರ್ ಸಾದಾ ರಬ್ಬರೋ ಎಣ್ಣೆ ತಡೆಯುವ ನೈಟ್ರೈಲ್ ರಬ್ಬರೋ ಮೊದಲು ಕೇಳಿಕೋ. ಸಾದಾ ರಬ್ಬರ್ ಈ ಎಣ್ಣೆಗೂ ಉಬ್ಬುತ್ತದೆ.

ಬಿಳಿಹಾಳೆ

ಹಳೇ ಕಾಲದಲ್ಲಿ ಕಾಗದ ಒದ್ದೆ ಮಾಡಿ ಅಚ್ಚು ಹಾಕುತ್ತಿದ್ದರಂತೆ. ಒದ್ದೆ ಕಾಗದಕ್ಕೆ ಮಸಿ ಇನ್ನೂ ಮೆತ್ತಿಕೊಳ್ಳಲ್ವಾ?

ಮಿಡ್‌ಲ್ಯಾಂಡ್ಸ್_ಕನ್ನಡಿಗ (ಇಂಗ್ಲೆಂಡ್)

ತೇವ ಅನ್ನಿ, ಒದ್ದೆ ಅಲ್ಲ. ಚಿಂದಿ ಬಟ್ಟೆಯಿಂದ ಮಾಡಿದ ಆಗಿನ ಗಡಸು ಕಾಗದ ತೇವದಲ್ಲಿ ಮೆತ್ತಗಾಗುತ್ತಿತ್ತು. ಕಡಿಮೆ ಮಸಿ, ಕಡಿಮೆ ಒತ್ತಡದಲ್ಲೇ ಅಕ್ಷರ ತುಂಬಿ ಬರುತ್ತಿತ್ತು. ವಾಲ್ಟರ್ ಯಂತ್ರದಲ್ಲೂ ಕಾಗದಕ್ಕೆ ತೇವ ಕೊಡುತ್ತಿದ್ದರು. ಮರದ ತಿರುಳಿನ ಮೆತ್ತನೆ ಕಾಗದ ಬಂದ ಮೇಲೆ ಅದರ ಅಗತ್ಯ ಬೀಳಲಿಲ್ಲ. ಈಗಿನ ನ್ಯೂಸ್‌ಪ್ರಿಂಟಿಗೆ ತೇವ ಕೊಟ್ಟರೆ ಎಳೆತಕ್ಕೆ ಹರಿಯುತ್ತದೆ.

ರೀಲು_ರಾಟೆ

ಹೇಳಿದ್ದನ್ನೆಲ್ಲ ಮಾಡಿದೆ. ಕಾರ್ಡ್ ತೆಗೆದ ಕೂಡಲೇ ಬಾಲ ಹೋಯಿತು. ಚರ್ಮದ ಪಟ್ಟಿ ಹಾಕಿದ ಮೇಲೆ ನೆರಳು ಅಲೆಯುವುದು ನಿಂತಿದೆ. ನ್ಯೂಸ್‌ಪ್ರಿಂಟ್, ಕೋಲ್ಡ್‌ಸೆಟ್ ಮಸಿ, ಗ್ಲಿಸರಿನ್ ಮೂರೂ ಸೇರಿ ಈಗ ಪಠ್ಯ ಪುಟಗಳು ಶುದ್ಧ. ರೋಲರ್ ನೈಟ್ರೈಲ್ ಅಂತ ಅಂಗಡಿಯವರು ಖಚಿತ ಮಾಡಿದರು.

ದಪ್ಪ ಬ್ಲಾಕು (ಮಸಿ ಜಾಸ್ತಿ ಹಿಡಿಯುವ ಚಿತ್ರದ ಅಚ್ಚು) ಇರುವ ಪುಟದಲ್ಲಿ ಮಾತ್ರ ಸೆಟ್ ಆಫ್ ಇನ್ನೂ ಇದೆ. ಅದಕ್ಕೆ ಖಾಲಿ ರೀಲು ಕಟ್ಟುತ್ತಿದ್ದೇನೆ. ಇನ್ನೊಂದು: ಹೊರಗೆ ಬರುವ ದಾರಿಯಲ್ಲಿ ಕಾಗದದ ಉದ್ದಕ್ಕೂ ಎರಡು ಕಪ್ಪು ಗೆರೆ ಬೀಳುತ್ತಿವೆ.

ಹಳೇಮಷಿನ್ (ಗದಗ)

ಗೆರೆ ಗೈಡ್ ರೋಲರಿಂದು. ಎರಡನೇ ಒತ್ತು ದಾಟಿದ ಮೇಲೆ ಎರಡೂ ಮುಖ ಹಸಿ. ಅಗಲ ರೋಲರ್ ಇಡಬೇಡ. ಕಿರಿದಾದ ಗಾಲಿ ಹಾಕಿ, ಅವು ಅಂಚಿನ ಖಾಲಿ ಜಾಗ, ಎರಡು ಪುಟದ ನಡುವಿನ ಜಾಗ, ಅಲ್ಲಿ ಮಾತ್ರ ಓಡುವ ಹಾಗೆ ಸರಿಸು. ಹಳೇ ಯಂತ್ರಗಳಲ್ಲಿ ಹಾಳೆ ಒಯ್ಯುವ ನಾಡಾ ಪಟ್ಟಿಗಳನ್ನೂ ಖಾಲಿ ಜಾಗ ನೋಡಿಯೇ ಕೂರಿಸುತ್ತಿದ್ದರು.

ಬ್ಲಾಕಿನ ಪುಟವನ್ನು ಮೊದಲ ಬದಿಗೆ ಹಾಕಿದ್ದೀಯಾ? ಹಾಗಿದ್ದರೆ ಎರಡನೇ ಬದಿಗೆ ಹಾಕು, ಪಠ್ಯವನ್ನು ಮೊದಲ ಬದಿಗೆ ತಾ. ಜಾಸ್ತಿ ಮಸಿಯ ಮುಖ ಕೊನೆಗೆ ಅಚ್ಚಾದರೆ ಅದು ಯಾವ ಸಿಲಿಂಡರಿಗೂ ತಾಗದೆ ಹೊರಗೆ ಬರುತ್ತದೆ. ಖಾಲಿ ರೀಲಿನ ಅವಶ್ಯಕತೆಯೇ ಬೀಳದೆ ಇರಬಹುದು.

ರೀಲು_ರಾಟೆ

ಪ್ಲೇಟು ಅದಲು ಬದಲು ಮಾಡಿದೆ ಕಾಕಾ. ಬ್ಲಾಕೂ ಶುದ್ಧ ಬಂತು! ಎರಡೂ ಬದಿಯಲ್ಲಿ ಬ್ಲಾಕು ಇರುವ ಪುಟಕ್ಕೆ ಬೇಕಾಗುತ್ತದೆ ಅಂತ ಖಾಲಿ ರೀಲು ಹೇಗೂ ಕಟ್ಟುತ್ತೇನೆ. ಮೇಡಂ, ವಿಡಿಯೊ ಭಾನುವಾರ ಹಾಕುತ್ತೇನೆ.

ಅಚ್ಚುಮೆಚ್ಚು (ಬೆಂಗಳೂರು)

ಕಾಯುತ್ತಿರುತ್ತೇನೆ. ಹಾಗೇ ಒಂದು ಪ್ರಶ್ನೆ ಕಾಕಾ, ನನ್ನ ಕಾರ್ಡುಗಳ ಹಿಂಬದಿಗೆ ಚಿನ್ನದ ಬಣ್ಣ ಮೆತ್ತುತ್ತದೆ, ತಿರುಗಾ ಕಾಣುತ್ತದೆ. ಗ್ಲಿಸರಿನ್ ಒರೆಸಲಾ?

ಹಳೇಮಷಿನ್ (ಗದಗ)

ತಿರುಗಾ ಇದ್ದರೆ ಪ್ಯಾಕಿಂಗಿಗೆ ಸಂಬಂಧವೇ ಇಲ್ಲ ಮೇಡಂ, ಕಾರ್ಡಿನಿಂದ ಕಾರ್ಡಿಗೆ ಹೋಗಿದೆ. ಅಟ್ಟಿ ಎತ್ತರ ಒಟ್ಟಬೇಡಿ, ಹಲಗೆ ಮೇಲೆ ಹತ್ತು ಹದಿನೈದೇ ಇಡಿ, ನಡುವೆ ತೆಳು ಕಾಗದ ಹಾಕಿ. ಚಿನ್ನದ ಮಸಿಯ ಬಗ್ಗೆ ಬೇರೆ ಚರ್ಚೆ ಶುರು ಮಾಡಿ, ಅದು ದೊಡ್ಡ ಕಥೆ.