ಅಪ್‌ಡೇಟ್: ದುಡ್ಡು ತಗೊಂಡು ತೆಗೆದ ನನ್ನ ಮೊದಲ ಪೋರ್ಟ್ರೇಟ್
ಹೋದ ವಾರ ಕೇಳಿದ್ದೆ ಅಲ್ವಾ? ಹವ್ಯಾಸಕ್ಕೆ ಫೋಟೋ ತೆಗೆಯುತ್ತಿದ್ದ ನನಗೆ ಧಾರವಾಡದ ಒಂದು ಮನೆಯಿಂದ ಅಜ್ಜಿಯ ಪೋರ್ಟ್ರೇಟ್ ತೆಗೆಯುವ ಕೆಲಸ ಬಂದಿದೆ, ಆದರೆ ನನ್ನ ಫೋಟೋಗಳಲ್ಲಿ ಕಣ್ಣಿನ ಸುತ್ತ ಕಪ್ಪು ನೆರಳು ಬೀಳುತ್ತದೆ, ಏನು ಮಾಡಲಿ ಅಂತ.

ಭಾನುವಾರ ಬೆಳಿಗ್ಗೆ ಕೆಲಸ ಮುಗಿಯಿತು. ನೀವು ಕೊಟ್ಟ ಸಲಹೆಗಳಲ್ಲಿ ಕೈ ಹಿಡಿದದ್ದು, ಬಿಳಿ ಥರ್ಮಾಕೋಲ್ ಹಿಡಿದು ಬೆಳಕನ್ನು ಮುಖದ ನೆರಳಿನ ಕಡೆಗೆ ತಿರುಗಿಸುವ ಸಲಹೆ! ಅಜ್ಜಿಯನ್ನು ತಲಬಾಗಿಲ ಒಳಗೆ, ಹೊಸ್ತಿಲಿನಿಂದ ಎರಡು ಹೆಜ್ಜೆ ಹಿಂದೆ ಕೂರಿಸಿದೆ. ಬೆಳಕು ಒಂದು ಪಕ್ಕದಿಂದ. ಇನ್ನೊಂದು ಪಕ್ಕ ಮೊಮ್ಮಗಳು ಬಿಳಿ ಥರ್ಮಾಕೋಲ್ ಹಿಡಿದಳು. ನೆರಳು ತಿಳಿಯಾಯಿತು, ಕಣ್ಣಲ್ಲಿ ಬಾಗಿಲಿನ ಹೊಳಪು ಮೂಡಿತು. ಇಳಕಲ್ ಸೀರೆಯ ಕೆಂಪು ಸೆರಗೂ ಚೆನ್ನಾಗಿ ಬಂತು.

ಕ್ಯಾಮೆರಾದ ಫ್ಲ್ಯಾಶ್ ಪ್ರಯೋಜನಕ್ಕೆ ಬರಲಿಲ್ಲ, ಅದರಲ್ಲಿ ಮುಖ ಚಪ್ಪಟೆಯಾಗಿ ಕಂಡಿತು. 50 ಎಂಎಂ ಲೆನ್ಸ್ ಒಳ್ಳೆಯದೇ. ಆದರೆ ಎಫ್ 1.8ರಲ್ಲಿ, ಅಂದರೆ ಲೆನ್ಸಿನ ಕಿಂಡಿ ಅಗಲವಾಗಿ ತೆರೆದು, ಹತ್ತಿರದಿಂದ ತೆಗೆದಾಗ ಒಂದು ಕಣ್ಣು ಸ್ಪಷ್ಟ, ಇನ್ನೊಂದು ಮಸುಕು. ಕಿಂಡಿ ಕಿರಿದು ಮಾಡಿ ಎಫ್ 4ಕ್ಕೆ ತಂದ ಮೇಲೆ ಎರಡೂ ಸರಿಹೋದವು.

ಯಾರೂ ಹೇಳದ ಒಂದು ಸಂಗತಿ ಅಲ್ಲೇ ಕಲಿತೆ. ಕ್ಯಾಮೆರಾ ಎತ್ತಿದ ಕೂಡಲೇ ಅಜ್ಜಿ ಬಿಗಿದು ಕೂರುತ್ತಿದ್ದರು. "ಅಜ್ಜಿ, ರೊಟ್ಟಿ ಹೆಂಗ ಬಡೀತೀರಿ, ತೋರಸ್ರಿ" ಅಂದೆ. ಅಂಗೈ ತಾನಾಗೇ ಆಡಿತು, ಮುಖ ಅರಳಿತು. ಮನೆಯವರು ಫ್ರೇಮ್ ಹಾಕಿಸಲು ಆರಿಸಿದ್ದು ಅದನ್ನೇ.

ಗದಗಿನಲ್ಲಿರುವ ತಮ್ಮ ಮಗಳ ಮನೆಗೂ ಮುಂದಿನ ವಾರ ಕರೆದಿದ್ದಾರೆ. ಥರ್ಮಾಕೋಲ್ ತಗೊಂಡೇ ಹೋಗುತ್ತೇನೆ.