ಸಂತೆಯಲ್ಲಿ ಅಡ್ಡಗಟ್ಟಿ ಆಧಾರ್ ಕೇಳಿದರು, ಏನು ಮಾಡಬೇಕು? ವಕೀಲರ ಜೊತೆ ಪ್ರಶ್ನೋತ್ತರ

ಪ್ರಶ್ನೆ (ಕೊಡಗಿನ ಅಮ್ಮತ್ತಿ ಕಡೆಯ ಕಾಫಿ ಬೆಳೆಗಾರರು): ಮೇಡಂ, ನಮಸ್ಕಾರ. ನಮ್ಮದು ಸಣ್ಣ ತೋಟ. ತೋಟದ ಕೆಲಸದವರ ಲೈನ್‌ಮನೆಯಲ್ಲಿ ಅಸ್ಸಾಂನ ಬರಪೇಟಾ ಜಿಲ್ಲೆಯ ಎರಡು ಸಂಸಾರ ಇವೆ. ಬಂದು ತುಂಬಾ ವರ್ಷ ಆಯಿತು. ಮಕ್ಕಳು ಇಲ್ಲಿನ ಸರ್ಕಾರಿ ಶಾಲೆಗೆ ಹೋಗುತ್ತಾರೆ, ಕನ್ನಡ ಚೆನ್ನಾಗಿ ಮಾತಾಡುತ್ತಾರೆ. ಹೋದ ವಾರ ಸಂತೆಯಲ್ಲಿ ಆ ಮನೆಯ ಹೆಂಗಸು ತರಕಾರಿ ತೆಗೆದುಕೊಳ್ಳುತ್ತಿದ್ದಾಗ ನಾಲ್ಕೈದು ಹುಡುಗರು ಅಡ್ಡ ನಿಂತು "ಯಾವ ದೇಶ? ಬಾಂಗ್ಲಾನಾ?" ಅಂದಿದ್ದಾರೆ. ಅಸ್ಸಾಂ ಅಂದರೂ ಬಿಟ್ಟಿಲ್ಲ. ಆಧಾರ್ ತೆಗೆಸಿ, ಅದನ್ನು ಹಿಡಿದು ವಿಡಿಯೋ ಮಾಡಿ, "ಇದೆಲ್ಲ ಡೂಪ್ಲಿಕೇಟ್" ಅಂತ ವಾಟ್ಸಾಪ್‌ಗೆ ಹಾಕಿದ್ದಾರೆ. ಈಗ ಆಕೆ ಸಂತೆಗೇ ಹೋಗಲ್ಲ ಅನ್ನುತ್ತಾಳೆ. ಸಾಮಾನೆಲ್ಲ ನಾವೇ ತಂದು ಕೊಡುತ್ತಿದ್ದೇವೆ. ಕಾನೂನಲ್ಲಿ ಇದಕ್ಕೆ ಏನಾದರೂ ಇದೆಯಾ?

ವಕೀಲರು: ಇದೆ. ಮೊದಲನೆಯದು, ದಾರಿಯಲ್ಲಿ ನಿಲ್ಲಿಸಿ ದಾಖಲೆ ತೋರಿಸು ಅನ್ನುವ ಅಧಿಕಾರ ಆ ಹುಡುಗರಿಗೆ ಯಾರೂ ಕೊಟ್ಟಿಲ್ಲ. ಯಾರು ಪೌರರು, ಯಾರು ಅಲ್ಲ ಅಂತ ನೋಡುವುದು ಸರ್ಕಾರದ ಕೆಲಸ. ಭಾರತದ ಪೌರರು ದೇಶದ ಯಾವ ಮೂಲೆಗಾದರೂ ಹೋಗಬಹುದು, ಅಲ್ಲೇ ನೆಲೆಸಬಹುದು. ಸಂವಿಧಾನದ 19ನೇ ವಿಧಿಯಲ್ಲೇ ಇದೆ.

ಹೋಗದ ಹಾಗೆ ಅಡ್ಡಗಟ್ಟಿದ್ದು ಭಾರತೀಯ ನ್ಯಾಯ ಸಂಹಿತೆಯ 126ನೇ ಕಲಂ ಕೆಳಗೆ ಅಪರಾಧ. ಒಂದು ತಿಂಗಳವರೆಗೆ ಸಜೆ, ಇಲ್ಲವೇ 5,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಬೇಕೆಂದೇ ಕೆಣಕಿ ಅವಮಾನ ಮಾಡಿದ್ದರೆ 352ನೇ ಕಲಂ. ಹುಟ್ಟಿದ ಊರು, ಭಾಷೆ, ಧರ್ಮದ ಹೆಸರಲ್ಲಿ ದ್ವೇಷ ಹಬ್ಬಿಸುವ ಮಾತು ವಿಡಿಯೋದಲ್ಲಿದ್ದರೆ 196ನೇ ಕಲಂ, ಅದಕ್ಕೆ ಮೂರು ವರ್ಷದವರೆಗೂ ಶಿಕ್ಷೆ ಇದೆ. ಆಧಾರ್ ನಂಬರ್ ಕಾಣುವ ಹಾಗೆ ಊರಿಗೆಲ್ಲ ಹಂಚುವುದಕ್ಕೆ ಆಧಾರ್ ಕಾಯ್ದೆಯಲ್ಲೇ ತಡೆ ಇದೆ.

ಅವರು ಅಳಿಸುವ ಮೊದಲು ಆ ವಿಡಿಯೋ ಉಳಿಸಿಕೊಳ್ಳಿ. ಯಾವ ಗುಂಪಿಗೆ, ಯಾವ ನಂಬರಿಂದ, ಎಷ್ಟು ಹೊತ್ತಿಗೆ ಬಂತು ಅನ್ನುವುದು ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆಯಿರಿ. ಪಕ್ಕದ ಅಂಗಡಿಯವರು ನೋಡಿದ್ದರೆ ಅವರನ್ನೂ ಕೇಳಿಟ್ಟುಕೊಳ್ಳಿ. ದೂರು ಕನ್ನಡದಲ್ಲೇ ಬರೆದುಕೊಡಿ. ಎಫ್‌ಐಆರ್ ಆದರೆ ಅದರ ಪ್ರತಿ ದುಡ್ಡಿಲ್ಲದೆ ಸಿಗಬೇಕು. ಠಾಣೆಯಲ್ಲಿ ತೆಗೆದುಕೊಳ್ಳದಿದ್ದರೆ ಜಿಲ್ಲಾ ಎಸ್‌ಪಿಯವರಿಗೆ ಅಂಚೆಯಲ್ಲಿ ಕಳಿಸಿ. ಹೆಂಗಸರಿಗೆ, ಮಕ್ಕಳಿಗೆ ಆದಾಯ ಎಷ್ಟೇ ಇರಲಿ, ಕಾನೂನು ನೆರವು ಉಚಿತ. ಸಹಾಯವಾಣಿ 15100.

ಆದರೆ ದೂರು ಕೊಡಬೇಕೋ ಬೇಡವೋ ಅಂತ ಆಕೆಯೇ ತೀರ್ಮಾನ ಮಾಡಲಿ. ಆಮೇಲೂ ಅದೇ ರಸ್ತೆಯಲ್ಲಿ ಓಡಾಡಬೇಕಾದವಳು ಆಕೆ. ಸಾಹುಕಾರರು ಹೇಳಿದರು ಅಂತ ತಲೆ ಆಡಿಸುವ ಹಾಗೆ ಆಗಬಾರದು. ಗಂಡ ಹೆಂಡತಿ ಇಬ್ಬರನ್ನೂ ಕೂರಿಸಿಕೊಂಡು, ಅವರಿಗೆ ಅರ್ಥವಾಗುವ ಭಾಷೆಯಲ್ಲಿ ಎಲ್ಲ ಹೇಳಿ, ಯೋಚನೆ ಮಾಡೋಕೆ ಬಿಡಿ.

ಪ್ರಶ್ನೆ (ಗೋಣಿಕೊಪ್ಪ): ಹಾಗಾದರೆ ಎಲ್ಲಿಯವರು ಅಂತ ಕೇಳುವುದೇ ತಪ್ಪಾ ಮೇಡಂ? ಕೊಡಗಲ್ಲಿ ಹೊಸಬರು ಸಿಕ್ಕರೆ ಯಾವ ಊರು, ಯಾವ ಮನೆ ಅಂತಲೇ ಅಲ್ವಾ ಮಾತು ಶುರುವಾಗೋದು?

ವಕೀಲರು: ತಪ್ಪಲ್ಲ ಅಣ್ಣ. ನಾನೂ ಕೇಳುತ್ತೇನೆ. ಮದುವೆ ಮನೆಯಲ್ಲಿ ಗುರುತಿಲ್ಲದವರು ಪಕ್ಕ ಕೂತರೆ ಯಾವ ಒಕ್ಕ, ಅಂದರೆ ಯಾವ ಮನೆತನ ಅನ್ನುತ್ತೇವೆ. ಅವರು ಮನೆ ಹೆಸರು ಹೇಳಿದ ಕೂಡಲೇ "ಓ, ನಿಮ್ಮ ಚಿಕ್ಕಮ್ಮನ್ನ ನಮ್ಮ ಕಡೆ ಕೊಟ್ಟಿದ್ದಾರಲ್ಲ" ಅಂತ ಎಲ್ಲೋ ಒಂದು ನೆಂಟಸ್ತಿಕೆ ಹುಡುಕುತ್ತೇವೆ. ಅಲ್ಲಿ ಹೇಳಿದ ಉತ್ತರವನ್ನು ನಂಬುತ್ತೇವೆ. ಅವರೂ ತಿರುಗಿ ನಮ್ಮನ್ನು ಕೇಳಬಹುದು.

ಸಂತೆಯಲ್ಲಿ ಆಗಿದ್ದನ್ನು ನೋಡಿ. ಅಸ್ಸಾಂ ಅಂದಳು, ನಂಬಲಿಲ್ಲ. ಕಾರ್ಡ್ ತೋರಿಸಿದಳು, ಅದನ್ನೂ ನಂಬಲಿಲ್ಲ. ಏನು ಹೇಳಿದರೂ ಒಪ್ಪಬಾರದು ಅಂತ ಮೊದಲೇ ನಿಶ್ಚಯ ಮಾಡಿಕೊಂಡು ಕೇಳಿದ್ದು ಅದು. "ನೀವು ಯಾವ ಊರಪ್ಪ?" ಅಂತ ಆಕೆ ತಿರುಗಿ ಕೇಳೋಕೆ ಆಗುತ್ತಿತ್ತಾ? ಆಗಲ್ಲ ಅನ್ನೋದು ನಮಗೆಲ್ಲ ಗೊತ್ತು. ನನಗೆ ಸಿಟ್ಟು ಬರುವುದು ಅಲ್ಲೇ.

ಇನ್ನೊಂದು ಮಾತು. ಮುಖ ನೋಡಿ ದೇಶ ಹೇಳೋಕೆ ಆಗಲ್ಲ. ಕುಶಾಲನಗರದ ಹೊಳೆ ದಾಟಿದರೆ ಬೈಲಕುಪ್ಪೆ. ಟಿಬೆಟಿಯನ್ನರು ಅಲ್ಲಿ ನೆಲೆಸಲು ಶುರುವಾಗಿದ್ದು 1961ರ ಸುಮಾರಿಗೆ. 1950ರ ಜನವರಿ 26ರಿಂದ 1987ರ ಜುಲೈ 1ರ ಒಳಗೆ ಭಾರತದಲ್ಲಿ ಹುಟ್ಟಿದವರು ಪೌರತ್ವ ಕಾಯ್ದೆಯ ಪ್ರಕಾರ ಹುಟ್ಟಿನಿಂದಲೇ ಪೌರರು. ಅಲ್ಲಿನ ಎಷ್ಟೋ ಜನ ಆ ಸಾಲಿಗೆ ಬರುತ್ತಾರೆ. ಬಸ್ಸಲ್ಲಿ ಪಕ್ಕ ಕೂತವರು ಮಾತ್ರ ಇವತ್ತಿಗೂ "ಯಾವ ದೇಶ" ಅಂತಲೇ ಕೇಳುತ್ತಾರೆ.

ಪ್ರಶ್ನೆ (ಸಿದ್ದಾಪುರ): ಎಲ್ಲ ಸರಿ ಮೇಡಂ. ಆದರೆ ನಿಜವಾಗಿ ಗಡಿ ದಾಟಿ ಬಂದವರೂ ಇರಬಹುದಲ್ವಾ? ಇವರು ಮಾತಾಡೋದು ಬಂಗಾಳಿ. ಅನುಮಾನ ಬರಲ್ವಾ?

ವಕೀಲರು: ಇರಬಹುದು. ನಿಮಗೆ ಗಟ್ಟಿ ಕಾರಣ ಇದ್ದರೆ ಠಾಣೆಗೆ ತಿಳಿಸಿ, ಅವರು ವಿಚಾರಿಸಲಿ. ಬಂಗಾಳಿ ಮಾತಾಡುವುದು ಅಂಥ ಕಾರಣ ಅಲ್ಲ. ಪಶ್ಚಿಮ ಬಂಗಾಳ, ತ್ರಿಪುರ ಎರಡೂ ಕಡೆ ಜನರ ಭಾಷೆ ಅದೇ. ಅಸ್ಸಾಂನಲ್ಲೇ ಬರಾಕ್ ಕಣಿವೆಯ ಜಿಲ್ಲೆಗಳಲ್ಲಿ ಬಂಗಾಳಿಯೇ ಆಡಳಿತ ಭಾಷೆ. ಬರಪೇಟಾ, ಧುಬ್ರಿ ಕಡೆಯ ಬಂಗಾಳಿ ಮೂಲದ ಎಷ್ಟೋ ಮನೆತನಗಳು ದೇಶ ಇಬ್ಭಾಗ ಆಗುವ ಮೊದಲೇ ಬ್ರಹ್ಮಪುತ್ರದ ದಡಕ್ಕೆ ಬೇಸಾಯಕ್ಕೆ ಬಂದವು. ಈಗ ಅದೇ ಹೊಳೆ ದಡ ಕೊರೆದು ಜಮೀನು ನುಂಗುತ್ತಿದೆ. ಹಾಗೆ ನೆಲ ಕಳೆದುಕೊಂಡವರು ಕೂಲಿ ಹುಡುಕಿಕೊಂಡು ದೂರದ ಊರುಗಳಿಗೆ ಹೊರಡುತ್ತಾರೆ.

ದಾಖಲೆ ವಿಷಯಕ್ಕೆ ಬಂದರೆ, ಅಸ್ಸಾಂನವರಷ್ಟು ತಪಾಸಣೆ ಈ ದೇಶದಲ್ಲಿ ಬೇರೆ ಯಾರಿಗೂ ಆಗಿಲ್ಲ. ಅಲ್ಲಿನ ಎನ್‌ಆರ್‌ಸಿಗೆ, ಅಂದರೆ ಪೌರರ ರಾಷ್ಟ್ರೀಯ ಪಟ್ಟಿಗೆ, ಅರ್ಜಿ ಹಾಕಿದವರು ಸುಮಾರು 3.3 ಕೋಟಿ ಜನ. 1971ರ ಮಾರ್ಚ್ 24ರ ಒಳಗಿನ ಕಾಗದದಲ್ಲಿ ಅಪ್ಪನದೋ ಅಜ್ಜನದೋ ಹೆಸರು ತೋರಿಸಿ, ತಾನು ಅವರ ಮಗ, ಮೊಮ್ಮಗಳು ಅಂತ ಬೇರೆ ದಾಖಲೆಯಿಂದ ಜೋಡಿಸಬೇಕಿತ್ತು. 2019ರ ಆಗಸ್ಟ್ 31ರ ಪಟ್ಟಿಯಲ್ಲಿ 19 ಲಕ್ಷಕ್ಕೂ ಹೆಚ್ಚು ಜನರ ಹೆಸರು ಬಿಟ್ಟುಹೋಯಿತು. ಹೆಸರಿನ ಒಂದು ಅಕ್ಷರ ಆಚೀಚೆ ಆದರೂ ಕಚೇರಿ ಅಲೆದಾಟ. ತಲೆಮಾರಿನಿಂದ ಬಂದ ಜಮ್ಮಾ ಜಾಗದ ಆರ್‌ಟಿಸಿಯಲ್ಲಿ ತಾತನ ಕಾಲದ ಪಟ್ಟೆದಾರರ, ಅಂದರೆ ಮನೆತನದ ಹಿರಿಯರ ಹೆಸರು ಸರಿ ಮಾಡಿಸೋಕೆ ತಾಲ್ಲೂಕು ಕಚೇರಿ ಮೆಟ್ಟಿಲು ಸವೆಸಿದ ಕೊಡಗಿನವರಿಗೆ ಆ ಕಷ್ಟ ಬಿಡಿಸಿ ಹೇಳಬೇಕಾ?

ಆಧಾರ್ ಪೌರತ್ವಕ್ಕೆ ಸಾಕ್ಷಿಯಲ್ಲ ಅಂತ ಆ ಕಾಯ್ದೆಯ 9ನೇ ಸೆಕ್ಷನ್ನೇ ಹೇಳುತ್ತದೆ. ಅಂದರೆ ಸಂತೆಯಲ್ಲಿ ಕಾರ್ಡ್ ನೋಡಿ ಆ ಹುಡುಗರು ತಿಳಿದುಕೊಳ್ಳುವಂಥದ್ದು ಏನೂ ಇರಲಿಲ್ಲ.

ತೋಟದವರಿಗೆ ಒಂದು ಮಾತು. ಕೆಲಸದವರ ಗುರುತಿನ ಚೀಟಿಯ ಜೆರಾಕ್ಸ್ ಇಟ್ಟುಕೊಳ್ಳಿ, ಪೊಲೀಸರು ವಿವರ ಕೇಳಿದರೆ ಕೊಡಿ. ಆದರೆ ಒರಿಜಿನಲ್ ಅವರ ಹತ್ತಿರವೇ ಇರಲಿ. ನಿಮ್ಮ ಬೀರುವಿನಲ್ಲಿ ಇಡಬೇಡಿ.

ಪ್ರಶ್ನೆ (ವಿರಾಜಪೇಟೆ): ಒಂದು ಹೋಟೆಲಲ್ಲಿ ಇವರಿಗೆ ಒಳಗೆ ಜಾಗ ಕೊಡದೆ ಹೊರಗೇ ನಿಂತು ತಿನ್ನಿ ಅಂದಿದ್ದು ನೋಡಿದ್ದೇನೆ. ಅದು ಅವರ ಹೋಟೆಲು, ನಾವು ಹೇಳೋಕೆ ಆಗುತ್ತಾ?

ವಕೀಲರು: ಧಾರಾಳವಾಗಿ ಹೇಳಬಹುದು. ಧರ್ಮ, ಜನಾಂಗ, ಜಾತಿ, ಲಿಂಗ, ಹುಟ್ಟಿದ ಊರು ಇಷ್ಟೇ ಕಾರಣಕ್ಕೆ ಯಾವ ಪೌರರನ್ನೂ ಅಂಗಡಿ, ಹೋಟೆಲಿಗೆ ಬರದಂತೆ ತಡೆಯುವ ಹಾಗಿಲ್ಲ. ಸಂವಿಧಾನದ 15(2)ನೇ ವಿಧಿ. ಮುಂದಿನ ಸಲ ಹಾಗೆ ಕಂಡರೆ ಅವರನ್ನು ನಿಮ್ಮ ಟೇಬಲ್ಲಿಗೇ ಕರೆದು ಕೂರಿಸಿಕೊಳ್ಳಿ.

ಪ್ರಶ್ನೆ (ಪಿಯುಸಿ ವಿದ್ಯಾರ್ಥಿ): ಮೇಡಂ, ನಮ್ಮ ಅಪ್ಪ ಅಮ್ಮ ಅಸ್ಸಾಂನವರು. ನಾನು ಹುಟ್ಟಿದ್ದು, ಓದಿದ್ದು ಇಲ್ಲೇ. ಕ್ಲಾಸಲ್ಲಿ ಹೆಸರು ಗೊತ್ತಿದ್ದರೂ "ಏ ಅಸ್ಸಾಂ", "ಏ ಚೈನಾ" ಅಂತ ಕರೀತಾರೆ. ಲೆಕ್ಚರರ್‌ಗೆ ಹೇಳಿದರೆ ತಮಾಷೆಗೆ ಅಂತಾರೆ ಬಿಡು ಅಂದರು.

ವಕೀಲರು: ನಿನಗೆ ನೋವಾಗುತ್ತಿದೆ ಅಂದಮೇಲೆ ತಮಾಷೆ ಅನ್ನುವ ಮಾತು ಅಲ್ಲಿಗೆ ಮುಗಿಯಿತು ಮಗು. 2014ರ ಜನವರಿಯಲ್ಲಿ ದೆಹಲಿಯ ಲಜಪತ್ ನಗರದ ಒಂದು ಅಂಗಡಿಯ ಹತ್ತಿರ ಅರುಣಾಚಲದ ವಿದ್ಯಾರ್ಥಿ ನಿಡೋ ತಾನಿಯಾನ ಕೂದಲು ನೋಡಿ ಆಡಿಕೊಂಡರು. ಮಾತಿಗೆ ಮಾತು ಬೆಳೆದು ಹೊಡೆದರು. ಮಾರನೇ ದಿನ ಆ ಹುಡುಗ ತೀರಿಕೊಂಡ. ಆಮೇಲೆ ಕೇಂದ್ರ ಸರ್ಕಾರ ಬೆಜ್‌ಬರುವಾ ಸಮಿತಿ ಮಾಡಿತು. ಈಶಾನ್ಯದವರನ್ನು ಹೀಯಾಳಿಸುವುದಕ್ಕೆ ಕಾನೂನಿನಲ್ಲೇ ಶಿಕ್ಷೆ ಇರಬೇಕು ಅಂತ ಸಮಿತಿ ಶಿಫಾರಸು ಮಾಡಿತ್ತು. ನಿನ್ನನ್ನು ಹೆದರಿಸೋಕೆ ಇದನ್ನು ಹೇಳುತ್ತಿಲ್ಲ. ನಿನ್ನ ಲೆಕ್ಚರರ್ ಇದನ್ನು ಓದಲಿ ಅಂತ ಹೇಳುತ್ತಿದ್ದೇನೆ.

ಬಾಯಲ್ಲಿ ಹೇಳಿದ್ದು ಸಾಕು, ಇನ್ನು ಪ್ರಿನ್ಸಿಪಾಲರಿಗೆ ಅರ್ಜಿ ಬರೆದು ಕೊಡು. ಯಾರು, ಯಾವಾಗ, ಏನಂದರು, ಯಾವ ಲೆಕ್ಚರರಿಗೆ ಹೇಳಿದೆ, ಅಷ್ಟೂ ಇರಲಿ. ಅಪ್ಪ ಅಥವಾ ಅಮ್ಮನ ಸಹಿ ಹಾಕಿಸು. ಕೊಟ್ಟಿದ್ದಕ್ಕೆ ಇನ್ನೊಂದು ಪ್ರತಿಯ ಮೇಲೆ ಕಾಲೇಜಿನ ಸೀಲು ಹಾಕಿಸಿಕೊ. ಬರೆಯೋಕೆ ಕಷ್ಟ ಆದರೆ ನನಗೆ ಮೆಸೇಜ್ ಮಾಡು, ಒಟ್ಟಿಗೆ ಬರೆಯೋಣ.