ಸಹಾಯ ಬೇಕು: ಟಿಪಿಎ3116 ಆಂಪ್ಲಿಫೈಯರ್ ಬೋರ್ಡ್‌ಗೆ 19 ವೋಲ್ಟ್ ಸಾಕಾ, 24 ಕೊಡಬೇಕಾ?

ಎಲ್ಲರಿಗೂ ನಮಸ್ಕಾರ. ಟಿಪಿಎ3116ಡಿ2 ಚಿಪ್ ಇರೋ ಕ್ಲಾಸ್ ಡಿ (ಔಟ್‌ಪುಟ್‌ನ ವೇಗವಾಗಿ ಆನ್-ಆಫ್ ಮಾಡಿ ಸದ್ದು ಹೆಚ್ಚಿಸೋ) ಸ್ಟೀರಿಯೋ ಬೋರ್ಡ್, 4 ಓಮ್‌ನ ಎರಡು ಸ್ಪೀಕರ್, 19 ವೋಲ್ಟ್ 3.42 ಆಂಪಿಯರ್‌ನ ಲ್ಯಾಪ್‌ಟಾಪ್ ಅಡಾಪ್ಟರ್. ಕಡಿಮೆ ವಾಲ್ಯೂಮ್‌ನಲ್ಲಿ ಸೊಗಸಾಗಿ ಹಾಡುತ್ತೆ. ಅರ್ಧ ದಾಟಿಸಿ ಬಾಸ್ ಜೋರಾಗಿ ಬಂದ ತಕ್ಷಣ ಸದ್ದು ನಿಂತು, ಒಂದು ಸೆಕೆಂಡ್ ಬಿಟ್ಟು ಮತ್ತೆ ಶುರುವಾಗುತ್ತೆ. ಆಗ ಬೋರ್ಡ್‌ನ ಎಲ್‌ಇಡಿನೂ ಆರುತ್ತೆ. ಹಾಗಾಗಿ ಕೈಕೊಡ್ತಿರೋದು ಅಡಾಪ್ಟರ್, ಚಿಪ್ ಅಲ್ಲ ಅನ್ಸುತ್ತೆ.

8 ಓಮ್ ಸ್ಪೀಕರ್ ಹಾಕಿದ್ರೆ ತೊಂದರೆನೇ ಇಲ್ಲ. ಸಪ್ಲೈ ಟರ್ಮಿನಲ್ ಹತ್ತಿರ 2200 ಮೈಕ್ರೋಫ್ಯಾರಡ್, 35 ವೋಲ್ಟ್ ಕೆಪಾಸಿಟರ್ ಸೇರಿಸಿದ ಮೇಲೆ ಕಟ್ ಆಗೋದು ಸ್ವಲ್ಪ ಕಮ್ಮಿ ಆಯ್ತು. 4700 ಹಾಕಿದ್ರೆ ಅಡಾಪ್ಟರ್ ಆನ್ ಆಗೋದೇ ಇಲ್ಲ, ಖಾಲಿ ಕೆಪಾಸಿಟರ್ ಒಮ್ಮೆಲೇ ಎಳೆಯೋ ಕರೆಂಟ್‌ಗೆ ಟ್ರಿಪ್ ಆಗ್ತಿದೆ. ಸ್ಪೀಕರ್ ಮೈನಸ್ ಎಲ್ಲೂ ಗ್ರೌಂಡ್‌ಗೆ ತಾಗಿಲ್ಲ, ಔಟ್‌ಪುಟ್ ಬ್ರಿಡ್ಜ್ (ಸ್ಪೀಕರ್‌ನ ಎರಡೂ ತಂತಿಗೆ ಚಿಪ್ಪೇ ಸಿಗ್ನಲ್ ಕೊಡುತ್ತೆ) ಆಗಿರೋದ್ರಿಂದ ಅದನ್ನ ಮೊದಲೇ ನೋಡಿದೆ.

ಲೆಕ್ಕ ಹಾಕಿದ್ರೆ 19 ವೋಲ್ಟ್‌ನಲ್ಲಿ 4 ಓಮ್‌ಗೆ ಚಾನೆಲ್‌ಗೆ ಸುಮಾರು 40 ವ್ಯಾಟ್. ಎರಡೂ ಸೇರಿ ಸಪ್ಲೈಯಿಂದ ಹತ್ತಿರ ಹತ್ತಿರ 90 ವ್ಯಾಟ್ ಬೇಕು. ಈ ಅಡಾಪ್ಟರ್ ಕೊಡೋದು 65 ಮಾತ್ರ.

ಗೊಂದಲ ಇಲ್ಲೇ. 24 ವೋಲ್ಟ್ 6 ಆಂಪಿಯರ್ ಎಸ್‌ಎಂಪಿಎಸ್ (ಸ್ವಿಚಿಂಗ್ ಪವರ್ ಸಪ್ಲೈ) ಹಾಕೋಣ ಅಂದ್ರೆ ಚಿಪ್‌ನ ಮಿತಿ 26 ವೋಲ್ಟ್, ಬೋರ್ಡ್ ಮೇಲಿರೋ ಕೆಪಾಸಿಟರ್‌ಗಳ ಮೇಲೆ 25 ವೋಲ್ಟ್ ಅಂತ ಬರೆದಿದೆ. ಹೀಟ್‌ಸಿಂಕ್ ಕೂಡ ಹೆಬ್ಬೆರಳಿನಷ್ಟೇ ಇದೆ.

4 ಓಮ್ ಲೋಡ್‌ನಲ್ಲಿ ಈ ಬೋರ್ಡ್‌ನ ದಿನಾ ಓಡಿಸೋರು ಹೇಳಿ: 19 ವೋಲ್ಟ್ 4.74 ಆಂಪಿಯರ್ ಅಡಾಪ್ಟರ್‌ಗೆ ಬದಲಾಯಿಸಿದ್ರೆ ಸಾಕಾ, ಅಥವಾ ಕೆಪಾಸಿಟರ್‌ಗಳನ್ನ 35 ವೋಲ್ಟ್‌ನವಕ್ಕೆ ಬದಲಿಸಿ 24ಕ್ಕೇ ಹೋಗಬೇಕಾ?